ಮಳೆಗಾಲದ ಕ್ಯಾರವಾನ್: ಹೊರಗಿನ ಕರೆಂಟ್ ಸಂಪರ್ಕವನ್ನು ನೀರಿನಿಂದ ಕಾಪಾಡುವ ಬಗೆ

ಬೆಂಗಳೂರಿನಿಂದ ಕ್ಯಾರವಾನ್‌ನಲ್ಲಿ ಹೊರಡುವವರ ದಾರಿ ಬಹುಮಟ್ಟಿಗೆ ಪಶ್ಚಿಮದ ಕಡೆಗೇ ಇರುತ್ತದೆ. ನೆಲಮಂಗಲ ದಾಟಿ ಹಾಸನ, ಸಕಲೇಶಪುರ, ಇಲ್ಲವೇ ಚಿಕ್ಕಮಗಳೂರು ಅಥವಾ ಕೊಡಗು. ರಾತ್ರಿ ತಂಗುವುದು ಯಾವುದಾದರೂ ಕಾಫಿ ತೋಟದ ಹೋಂಸ್ಟೇ ಅಂಗಳದಲ್ಲಿ ಅಥವಾ ಹೊಳೆಬದಿಯ ಕ್ಯಾಂಪ್‌ಸೈಟಿನಲ್ಲಿ. ಅಲ್ಲಿ ಗಾಡಿಗೆ ಕರೆಂಟ್ ಕೊಡುವ ವ್ಯವಸ್ಥೆ ಎಂದರೆ ಎಷ್ಟೋ ಕಡೆ ಗೋಡೆಯ ಮೇಲಿನ ಒಂದು ಸಾಕೆಟ್ಟು, ಅದರಿಂದ ಹುಲ್ಲಿನ ಮೇಲೆ ಎಳೆದು ತಂದ ಒಂದು ವೈರು, ನಡುವೆ ಪ್ಲಾಸ್ಟಿಕ್ ಚೀಲ ಸುತ್ತಿ ಮಲಗಿಸಿದ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಬಿಸಿಲಿನ ದಿನಗಳಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಮಳೆ ಹಿಡಿದ ದಿನ ಇಡೀ ಸಂಪರ್ಕದ ಅತ್ಯಂತ ದುರ್ಬಲವಾದ ಜಾಗ ಆ ಚೀಲದೊಳಗೇ ಇರುತ್ತದೆ.

ನಗರದಲ್ಲಿರುವ ನಮಗೆ ಮಳೆಯೆಂದರೆ ಮೇ ತಿಂಗಳಲ್ಲೋ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೋ ಸಂಜೆ ಹೊತ್ತು ಒಂದೆರಡು ಗಂಟೆ ಸುರಿದು ನಿಲ್ಲುವಂಥದ್ದು. ಮರುದಿನದ ಬಿಸಿಲಿಗೆ ಎಲ್ಲವೂ ಒಣಗಿಬಿಡುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ ಅದು ಏಳು ಸಾವಿರವನ್ನು ಮೀರುತ್ತದೆ. ಆದರೆ ಪ್ರಮಾಣಕ್ಕಿಂತಲೂ ಲೆಕ್ಕಕ್ಕೆ ಬರುವುದು ಮಳೆಯ ಸ್ವಭಾವ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ ಹೋಗುವುದಿಲ್ಲ, ಮಂಜು ಇಳಿಯುತ್ತದೆ, ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಇಂಥ ಹವೆಯಲ್ಲಿ ಪ್ಲಗ್ಗಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟೇಪು ಬಿಗಿದರೆ ಹೊರಗಿನ ನೀರು ಒಳಗೆ ಹೋಗದಿದ್ದರೂ ಒಳಗೆ ಸಿಕ್ಕಿಬಿದ್ದ ತೇವ ಹೊರಗೆ ಬರುವುದಿಲ್ಲ. ಹಗಲಿನಲ್ಲಿ, ಅಥವಾ ಕರೆಂಟ್ ಹರಿದು, ಬೆಚ್ಚಗಾದ ಪ್ಲಗ್ಗು ರಾತ್ರಿ ತಣ್ಣಗಾದಾಗ ಚೀಲದ ಒಳಮೈಯಲ್ಲಿ ಹನಿಗಟ್ಟುತ್ತದೆ. ವೈರಿನ ಮೈ ಹಿಡಿದು ಇಳಿದ ನೀರೂ ಟೇಪಿನ ಸಂದಿಯಿಂದ ಬಂದು ಅದನ್ನು ಸೇರಿಕೊಳ್ಳುತ್ತದೆ.

ಆದ್ದರಿಂದ ಇಲ್ಲಿ ಪಾಲಿಸಬೇಕಾದ ಸೂತ್ರ ಸುತ್ತಿ ಮುಚ್ಚುವುದಲ್ಲ. ಜೋಡಣೆಯನ್ನು ನೆಲದಿಂದ ಎತ್ತರಕ್ಕೆ ಏರಿಸಬೇಕು, ಮೇಲಿನಿಂದ ಬೀಳುವ ನೀರಿಗೆ ಅಡ್ಡ ಕೊಡಬೇಕು, ತಳವನ್ನು ತೆರೆದೇ ಬಿಡಬೇಕು. ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವವರು ತಲೆಯ ಮೇಲಿಂದ ಬೆನ್ನಿಗೆ ಹಾಕಿಕೊಳ್ಳುವ ಗೊರಬಿನ ಹಾಗೆ: ಅದು ಮೈಯನ್ನು ಸುತ್ತಿಕೊಳ್ಳುವುದಿಲ್ಲ, ನೀರನ್ನು ಜಾರಿಸುತ್ತದೆ, ಒಳಗೆ ಗಾಳಿಯಾಡಲು ಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಒಂದಲ್ಲ ಒಂದು ದಿನ ನೀರು ಒಳಗೆ ಹೋಗಿಯೇ ತೀರುತ್ತದೆ ಎಂದು ಭಾವಿಸಿ, ಆ ದಿನಕ್ಕಾಗಿ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನೂ ಸರಿಯಾದ ಅರ್ತಿಂಗನ್ನೂ ಸಿದ್ಧವಾಗಿಟ್ಟುಕೊಂಡಿರಬೇಕು. ಮುಂದೆ ಬರುವುದೆಲ್ಲ ಇದರ ವಿವರ.

ಮೊದಲು ಆರ್‌ಸಿಸಿಬಿ ಮತ್ತು ಅರ್ತಿಂಗ್

ಹೊದಿಕೆಯ ವಿಷಯಕ್ಕಿಂತ ಮೊದಲು ಇದನ್ನು ಹೇಳುವುದಕ್ಕೆ ಕಾರಣವಿದೆ. ಎಂಸಿಬಿ ಇದೆಯಲ್ಲ, ಸಾಕು ಎಂದು ಹೇಳುವವರು ಬಹಳ ಮಂದಿ. ಎಂಸಿಬಿ ಇರುವುದು ವೈರು ಸುಡದಂತೆ ನೋಡಿಕೊಳ್ಳುವುದಕ್ಕೆ. 16 ಆಂಪಿಯರಿನ ಎಂಸಿಬಿಯ ಮಟ್ಟಿಗೆ ಅರ್ಧ ಆಂಪಿಯರ್ ಸೋರಿಕೆ ಎಂಬುದು ಒಂದು ಸಣ್ಣ ದೀಪ ಉರಿದಷ್ಟೇ ಮಾತು, ಅದು ಅಲುಗಾಡುವುದೂ ಇಲ್ಲ. ಮನುಷ್ಯನ ಮೈಯಲ್ಲಿ ಹತ್ತು ಹದಿನೈದು ಮಿಲಿಆಂಪಿಯರ್ ಹರಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ, ಅದರ ಕೆಲವು ಪಟ್ಟು ಹರಿದು ಕೆಲ ಕ್ಷಣ ಮುಂದುವರಿದರೆ ಹೃದಯದ ಲಯವೇ ತಪ್ಪಬಹುದು. ಅರ್ಧ ಆಂಪಿಯರ್ ಎಂದರೆ ಐನೂರು ಮಿಲಿಆಂಪಿಯರ್. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಸದಾ ತಾಳೆ ನೋಡುತ್ತ, 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಸಂಪರ್ಕ ಕಡಿಯುವುದು ಆರ್‌ಸಿಸಿಬಿಯ ಕೆಲಸ. ನೂರು ಅಥವಾ ಮುನ್ನೂರು ಮಿಲಿಆಂಪಿಯರಿನ ಆರ್‌ಸಿಸಿಬಿಗಳೂ ಅಂಗಡಿಯಲ್ಲಿ ಸಿಗುತ್ತವೆ, ಅವು ಇಡೀ ಕಟ್ಟಡದ ಬೆಂಕಿ ಅಪಾಯಕ್ಕೆ ಸರಿ, ಮನುಷ್ಯನ ರಕ್ಷಣೆಗೆ ಅಲ್ಲ. ಕೊಳ್ಳುವಾಗ ಮುಖದ ಮೇಲಿನ ಅಂಕಿಯನ್ನು ಓದಿ ಕೊಳ್ಳಬೇಕು.

ಇನ್ನು ಅದು ಎಲ್ಲಿರಬೇಕು ಎಂಬ ಪ್ರಶ್ನೆ. ಕ್ಯಾರವಾನ್ ಕಟ್ಟಿಕೊಡುವವರು ಗಾಡಿಯೊಳಗಿನ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಹಾಕಿರುತ್ತಾರೆ, ಮಾಲೀಕರು ಅಷ್ಟಕ್ಕೇ ನಿಶ್ಚಿಂತರಾಗಿರುತ್ತಾರೆ. ಆದರೆ ಅದು ಕಾಯುವುದು ತನ್ನಿಂದ ಮುಂದಿನ ವೈರಿಂಗನ್ನು ಮಾತ್ರ. ಮಳೆಯಲ್ಲಿ ನೆನೆಯುವ ಕೇಬಲ್ಲು, ಹುಲ್ಲಿನ ಮೇಲಿನ ಜಾಯಿಂಟು, ಕೇಬಲ್ಲು ಸಿಕ್ಕಿಸಲು ಗಾಡಿಯ ಹೊರಮೈಯಲ್ಲಿರುವ ಇನ್‌ಲೆಟ್ಟು ಇವೆಲ್ಲ ಅದರ ಹಿಂದೆ ಉಳಿದುಬಿಡುತ್ತವೆ. ಹೀಗಾಗಿ ಕರೆಂಟ್ ಪಡೆಯುವ ತುದಿಯಲ್ಲೇ, ಅಂದರೆ ತೋಟದ ಮನೆಯ ಸಾಕೆಟ್ಟಿನ ಬಳಿಯೇ, ಇನ್ನೊಂದು ಆರ್‌ಸಿಸಿಬಿ ಬೇಕು. ತಂಗುವ ಕಡೆ ಅದು ಇದ್ದರೆ ಒಳ್ಳೆಯದು. ಹಳೆಯ ತೋಟದ ಮನೆಗಳಲ್ಲಿ ಇಲ್ಲದಿರುವ ಸಂಭವವೇ ಹೆಚ್ಚು. ಓವರ್‌ಲೋಡ್ ಮತ್ತು ಸೋರಿಕೆ ಎರಡನ್ನೂ ನೋಡಿಕೊಳ್ಳುವ 16 ಆಂಪಿಯರ್, 30 ಮಿಲಿಆಂಪಿಯರಿನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಆರ್‌ಸಿಬಿಒ ಒಂದನ್ನು ಧೂಳು, ನೀರು ಒಳಹೋಗದ ಐಪಿ 65 ದರ್ಜೆಯ ಪೆಟ್ಟಿಗೆಯಲ್ಲಿ ಕೂರಿಸಿ, ಒಂದು ಕಡೆ ಚಿಕ್ಕ ವೈರು ಮತ್ತು ಪ್ಲಗ್ಗು, ಇನ್ನೊಂದು ಕಡೆ ಸಾಕೆಟ್ಟು ಬರುವ ಹಾಗೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿಕೊಂಡರೆ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ನನ್ನನ್ನು ಕೇಳಿದರೆ, ಮಳೆಗಾಲದಲ್ಲಿ ಗಾಡಿಗೆ ಮಾಡಬೇಕಾದ ಮೊದಲ ಖರ್ಚು ಇದು; ಮೇಲ್ಛಾವಣಿ, ಮಡಚುವ ಕುರ್ಚಿ ಎಲ್ಲ ಆಮೇಲೆ.

ಅರ್ತಿಂಗ್ ಇಲ್ಲದೆ ಆರ್‌ಸಿಸಿಬಿ ಕೆಲಸವನ್ನೇ ಮಾಡುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ, ಆದರೆ ವ್ಯತ್ಯಾಸ ದೊಡ್ಡದು. ಗಾಡಿಯ ಲೋಹದ ಮೈಗೆ ಫೇಸ್ ತಗುಲಿತು ಎಂದುಕೊಳ್ಳೋಣ. ಅರ್ತ್ ವೈರು ಸರಿಯಿದ್ದರೆ ಸೋರಿಕೆ ಆ ಕ್ಷಣವೇ ಅದರ ಮೂಲಕ ಹರಿದು ಆರ್‌ಸಿಸಿಬಿ ಬೀಳುತ್ತದೆ, ಅಂದರೆ ಸಂಪರ್ಕ ಕಡಿಯುತ್ತದೆ, ಯಾರೂ ಮುಟ್ಟುವ ಮೊದಲೇ. ಅರ್ತ್ ಇಲ್ಲದಿದ್ದರೆ ಟಯರುಗಳ ಮೇಲೆ ನಿಂತಿರುವ ಇಡೀ ಗಾಡಿಯ ಮೈ 230 ವೋಲ್ಟಿನಲ್ಲಿ ಸುಮ್ಮನೆ ಕಾಯುತ್ತಿರುತ್ತದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿಯನ್ನು ಮುಟ್ಟಿದವರ ಮೈಯೇ ಆಗ ಅರ್ತ್ ವೈರಾಗುತ್ತದೆ, ಅವರಿಗೆ ಶಾಕ್ ಹೊಡೆದ ಮೇಲೆಯೇ ಆರ್‌ಸಿಸಿಬಿ ಬೀಳುವುದು.

ಕೇಬಲ್ಲು ಮತ್ತು ಪ್ಲಗ್ಗು

ಅಮೆರಿಕದ ಕ್ಯಾಂಪಿಂಗ್ ವಿಡಿಯೊಗಳನ್ನು ನೋಡಿ ಅಲ್ಲಿಯ ಸಾಮಗ್ರಿ ತರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಗಾಡಿಗಳಿಗೆ ಕರೆಂಟ್ ಕೊಡುವ ಕಂಬಗಳಲ್ಲಿರುವುದು 120 ವೋಲ್ಟಿನ 30 ಆಂಪಿಯರ್ ಸಾಕೆಟ್ಟು, ಅಥವಾ 120 ವೋಲ್ಟಿನ ಎರಡು ಫೇಸುಗಳಿರುವ 50 ಆಂಪಿಯರ್ ಸಾಕೆಟ್ಟು. ಆ ವ್ಯವಸ್ಥೆಗೆ ತಯಾರಾದ ಸರ್ಜ್ ಪ್ರೊಟೆಕ್ಟರು, ಅಡಾಪ್ಟರು ಯಾವುದೂ ನಮ್ಮ 230 ವೋಲ್ಟಿಗೆ ಹೊಂದುವುದಿಲ್ಲ. ನಮಗೆ ಹತ್ತಿರವಾದದ್ದು ಯುರೋಪಿನ ಪದ್ಧತಿ: ನೀಲಿ ಬಣ್ಣದ, ಮೂರು ದುಂಡನೆಯ ಪಿನ್ನುಗಳ, 16 ಆಂಪಿಯರಿನ ಇಂಡಸ್ಟ್ರಿಯಲ್ ಪ್ಲಗ್ಗು, ಅದಕ್ಕೆ 2.5 ಚದರ ಮಿಲಿಮೀಟರಿನ ಮೂರು ಕೋರ್ ಕೇಬಲ್ಲು, ಉದ್ದ ಹೆಚ್ಚೆಂದರೆ 25 ಮೀಟರು. ಕಾರ್ಖಾನೆ, ಕಟ್ಟಡ ಕಾಮಗಾರಿ, ಪೆಂಡಾಲ್‌ಗಳಲ್ಲಿ ಇದೇ ನೀಲಿ ಪ್ಲಗ್ಗು ಬಳಕೆಯಲ್ಲಿರುವುದರಿಂದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ಇದರಲ್ಲಿ ಎರಡು ದರ್ಜೆಗಳಿವೆ. ಐಪಿ 44 ಎಂದು ಬರೆದಿರುವುದಕ್ಕೆ ಎತ್ತಿ ಮುಚ್ಚುವ ಸ್ಪ್ರಿಂಗ್ ಮುಚ್ಚಳವಿರುತ್ತದೆ, ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ಅದು ತಾಳುತ್ತದೆ. ಐಪಿ 67 ಎಂದಿರುವುದರಲ್ಲಿ ತಿರುಗಿಸಿ ಬಿಗಿಯುವ ಉಂಗುರ ಮತ್ತು ರಬ್ಬರ್ ವಾಷರ್ ಇರುತ್ತವೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಪರೀಕ್ಷೆ. ಮಲೆನಾಡಿನ ಮಳೆಗೆ ಎರಡನೆಯದೇ ಸರಿ. ಆದರೆ ಈ ಅಂಕಿಗಳು ಅನ್ವಯಿಸುವುದು ಎರಡು ಭಾಗಗಳೂ ಅದೇ ದರ್ಜೆಯವಾಗಿದ್ದು, ಉಂಗುರವನ್ನು ಕೊನೆಯವರೆಗೆ ತಿರುಗಿಸಿ ಬಿಗಿದಾಗ ಮಾತ್ರ. ಐಪಿ 67 ಪ್ಲಗ್ಗನ್ನು ಐಪಿ 44 ಸಾಕೆಟ್ಟಿಗೆ ಹಾಕಿದರೆ ಒಟ್ಟು ಜೋಡಣೆ ಐಪಿ 44 ಮಾತ್ರ. ಹಾಗೆಯೇ ಪ್ಲಗ್ಗಿನ ಹಿಂಭಾಗದಲ್ಲಿ ಕೇಬಲ್ಲು ಒಳಹೋಗುವ ಗ್ಲ್ಯಾಂಡ್ ಸಡಿಲವಾಗಿದ್ದರೆ, ಮುಂದೆ ಎಂಥ ವಾಷರ್ ಇದ್ದೂ ಪ್ರಯೋಜನವಿಲ್ಲ. ಕೇಬಲ್ಲಿನ ಹೊರಪೊರೆ ಗ್ಲ್ಯಾಂಡಿನೊಳಗೆ ಚೆನ್ನಾಗಿ ಹೋಗಿರಬೇಕು. ಒಳಗಿನ ಬಣ್ಣದ ಕೋರ್‌ಗಳು ಹೊರಗಿನಿಂದ ಕಾಣುತ್ತಿದ್ದರೆ ಆ ಪ್ಲಗ್ಗನ್ನು ಬಿಚ್ಚಿ ಮತ್ತೆ ಕಟ್ಟಿಸಬೇಕು.

ಕೇಬಲ್ಲಿನ ದಪ್ಪದ ವಿಷಯದಲ್ಲಿ ಉಳಿತಾಯ ಮಾಡುವುದು ಬೇಡ. ಇಪ್ಪತ್ತೈದು ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ 13 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ ಸುಮಾರು 5 ವೋಲ್ಟ್ ಕಳೆದುಹೋಗುತ್ತದೆ, 1.5 ರಲ್ಲಿ ಅದು 8 ವೋಲ್ಟನ್ನು ದಾಟಿ, ನೂರು ವಾಟ್‌ಗೂ ಹೆಚ್ಚು ಶಕ್ತಿ ಕೇಬಲ್ಲನ್ನೇ ಬಿಸಿ ಮಾಡುತ್ತದೆ. ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಇಳಿದಿರುವ ತೋಟಗಳಲ್ಲಿ ಎ.ಸಿ.ಯ ಕಂಪ್ರೆಸರ್‌ಗೆ ಇದೂ ಹೊರೆಯೇ. ಮಳೆಗೂ ಈ ಬಿಸಿಗೂ ಏನು ಸಂಬಂಧವೆಂದರೆ, ನೆನೆಯದಿರಲೆಂದು ಕೇಬಲ್ಲಿನ ಸುರುಳಿಯನ್ನು ಬಿಚ್ಚದೆ ಗಾಡಿಯಡಿ ಟಾರ್ಪಾಲಿನ್ ಕೆಳಗೆ ತುರುಕುವ ಅಭ್ಯಾಸ ಬಹಳ ಜನರಿಗಿದೆ. ಸುರುಳಿಯ ಒಳಪದರಗಳ ಬಿಸಿಗೆ ಹೊರಹೋಗಲು ದಾರಿಯಿರುವುದಿಲ್ಲ, ಪೊರೆ ಮೆತ್ತಗಾಗುತ್ತದೆ, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡು ಕರಗುತ್ತದೆ. ಕೇಬಲ್ಲನ್ನು ಯಾವಾಗಲೂ ಪೂರ್ತಿ ಬಿಚ್ಚಿ ಹಾಸಬೇಕು. ನೆನೆದರೆ ನೆನೆಯಲಿ, ಪೊರೆಯಲ್ಲಿ ಗಾಯವಿಲ್ಲದ ರಬ್ಬರ್ ಕೇಬಲ್ಲಿಗೆ ಮಳೆಯಿಂದ ಏನೂ ಆಗುವುದಿಲ್ಲ.

ಗಾಯವಿದ್ದರೆ ಮಾತು ಬೇರೆ. ಪೊರೆ ಒಂದು ಕಡೆ ಸೀಳಿದ್ದರೆ ನೀರು ಅಲ್ಲಿಂದ ಒಳಸೇರಿ, ಕೋರ್‌ಗಳ ನಡುವಿನ ಸಂದಿಯಲ್ಲಿ ತೆವಳುತ್ತ ದೂರದ ಪ್ಲಗ್ಗಿನವರೆಗೂ ಹೋಗಬಲ್ಲದು. ಪ್ಲಗ್ಗು ಹೊರಗಿನಿಂದ ಒಣಗಿದ್ದೂ ಬಿಚ್ಚಿದಾಗ ಒಳಗೆ ನೀರು ಕಂಡರೆ ಇದೇ ಕಾರಣವಿರಬಹುದು. ಸೀಳಿದ ಜಾಗಕ್ಕೆ ಇನ್ಸುಲೇಷನ್ ಟೇಪು ಸುತ್ತುವುದು ದುರಸ್ತಿಯಲ್ಲ. ಆ ಭಾಗವನ್ನು ಕತ್ತರಿಸಿ ತೆಗೆದು ತುದಿಗೆ ಹೊಸದಾಗಿ ಪ್ಲಗ್ಗು ಕಟ್ಟಬೇಕು, ಗಾಯ ನಟ್ಟನಡುವೆ ಇದ್ದರೆ ಕೇಬಲ್ಲನ್ನೇ ಬದಲಿಸಬೇಕು.

ತೂಗುಹಾಕುವ ಕ್ರಮ

ಎಲ್ಲಕ್ಕಿಂತ ಒಳ್ಳೆಯ ಜಾಯಿಂಟ್ ಎಂದರೆ ಇಲ್ಲದ ಜಾಯಿಂಟ್. ಹೋಂಸ್ಟೇಗಳಲ್ಲಿ ಮನೆಯ ಜಗಲಿ ಅಥವಾ ಪೋರ್ಟಿಕೊದೊಳಗಿನ ಸಾಕೆಟ್ಟಿಗೇ ನಮ್ಮ ಆರ್‌ಸಿಬಿಒ ಪೆಟ್ಟಿಗೆಯನ್ನು ಸಿಕ್ಕಿಸಿ, ಅಲ್ಲಿಂದ ಗಾಡಿಯ ಇನ್‌ಲೆಟ್ಟಿನವರೆಗೆ ನಡುವೆ ಎಲ್ಲೂ ತುಂಡಾಗದ ಒಂದೇ ಕೇಬಲ್ಲು ಎಳೆದರೆ, ಮಳೆಗೆ ಒಡ್ಡಿಕೊಳ್ಳುವುದು ಗಾಡಿಯ ಬದಿಯ ಒಂದೇ ಒಂದು ಜೋಡಣೆ. ಇದಕ್ಕಾಗಿ ಗಾಡಿಯನ್ನು ಮನೆಗೆ ಹತ್ತು ಮೀಟರ್ ಹತ್ತಿರ ನಿಲ್ಲಿಸಬೇಕಾಗಿ ಬಂದು ಕಣಿವೆಯ ನೋಟ ತಪ್ಪಿದರೂ ಚಿಂತೆಯಿಲ್ಲ. ಜಡಿಮಳೆಯಲ್ಲಿ ಕಣಿವೆ ಹೇಗೂ ಕಾಣುವುದಿಲ್ಲ.

ಗಾಡಿಯ ಇನ್‌ಲೆಟ್ಟಿಗೆ ಕೇಬಲ್ಲು ಮೇಲಿನಿಂದ ಇಳಿದು ಬರಬಾರದು. ಇನ್‌ಲೆಟ್ಟಿಗಿಂತ ಒಂದು ಗೇಣಾದರೂ ಕೆಳಗಿಳಿದು ಬಳುಕಿ, ಆಮೇಲೆ ಮೇಲೇರಿ ಒಳಸೇರಬೇಕು. ಕೇಬಲ್ಲಿನ ಮೈ ಹಿಡಿದು ಹರಿಯುವ ನೀರು ಆ ಬಳುಕಿನ ಅತಿ ತಗ್ಗಿನ ಬಿಂದುವಿನಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆಯೇ ಹೊರತು ಮೇಲಕ್ಕೆ ಹತ್ತುವುದಿಲ್ಲ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಲೈನ್‌ಮನ್‌ಗಳು ಗೋಡೆಯ ಬಳಿ ಬಳುಕಿಸಿ ಕಟ್ಟುವುದೂ ಇದೇ ಕಾರಣಕ್ಕೆ. ಈ ಬಳುಕಿನ ಭಾರ ಪ್ಲಗ್ಗಿನ ಮೇಲೆ ಬೀಳದಂತೆ ಗಾಡಿಯ ಮೈಗೆ ಒಂದು ಕೊಕ್ಕೆ ಹಾಕಿ ಕೇಬಲ್ಲನ್ನು ಸಡಿಲವಾಗಿ ಕಟ್ಟಿಕೊಳ್ಳಬೇಕು, ಇಲ್ಲವಾದರೆ ಗಾಳಿಗೆ ತೂಗಾಡಿ ಪ್ಲಗ್ಗು ಓರೆಯಾಗಿ ವಾಷರಿನ ಒಂದು ಬದಿ ಬಿಟ್ಟುಕೊಳ್ಳುತ್ತದೆ.

ನಡುವೆ ಜಾಯಿಂಟ್ ಅನಿವಾರ್ಯವಾದಾಗ ಅದನ್ನು ನೆಲಕ್ಕೆ ತಾಗಿಸಲೇಬಾರದು. ಸೊಂಟದೆತ್ತರಕ್ಕೆ ಒಂದು ಮರದ ಗೂಟ ನೆಟ್ಟು, ಅಥವಾ ಸಿಲ್ವರ್ ಓಕ್ ಮರವೊಂದಕ್ಕೆ ಹಗ್ಗ ಕಟ್ಟಿ, ಎರಡು ಕಡೆಯ ಕೇಬಲ್ಲುಗಳೂ ಕೆಳಗಿನಿಂದ ಏರಿ ಬಂದು ಜೋಡಣೆ ನಡುವೆ ಅಡ್ಡಲಾಗಿ ಇರುವಂತೆ ತೂಗುಹಾಕಬೇಕು. ಅದರ ಮೇಲೆ ಹತ್ತು ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟನ್ನು ಬೋರಲು ಹಾಕಿದರೆ ಸಾಕು. ಹಗ್ಗಕ್ಕೆಂದು ಬಕೆಟ್ಟಿನ ತಳದಲ್ಲಿ ತೂತು ಕೊರೆದರೆ ಬೋರಲಾದಾಗ ಅದೇ ಮೇಲ್ಭಾಗವಾಗುತ್ತದೆ, ನೀರು ನೇರ ಜಾಯಿಂಟಿನ ಮೇಲೆ ಇಳಿಯುತ್ತದೆ. ಆದ್ದರಿಂದ ತೂತು ಮಾಡದೆ ಬಕೆಟ್ಟಿನ ಹಿಡಿಕೆಯ ಕಿವಿಗಳಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯಬೇಕು. ಬಕೆಟ್ಟಿನ ಅಂಚು ಜೋಡಣೆಗಿಂತ ಕನಿಷ್ಠ ಒಂದು ಗೇಣು ಕೆಳಗಿರಲಿ, ಏಕೆಂದರೆ ಪಶ್ಚಿಮದ ಗಾಳಿಗೆ ಇಲ್ಲಿಯ ಮಳೆ ನೆಟ್ಟಗೆ ಬೀಳದೆ ಓರೆಯಾಗಿ ಹೊಡೆಯುತ್ತದೆ. ತಳಕ್ಕೆ ಏನನ್ನೂ ಕಟ್ಟಬಾರದು. ಅಂಗಡಿಯಲ್ಲಿ ಸಿಗುವ ಕೇಬಲ್ ಕನೆಕ್ಟರ್ ಪೆಟ್ಟಿಗೆಗಳೂ ಉತ್ತಮವೇ, ಆದರೆ ಅವನ್ನೂ ಕೆಸರಿನಲ್ಲಿ ಮಲಗಿಸದೆ ತೂಗುಹಾಕುವುದು ಒಳ್ಳೆಯದು.

ಬಿಳಿ ಎಕ್ಸ್‌ಟೆನ್ಷನ್ ಬೋರ್ಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಮನೆಯೊಳಗಿನ ವಸ್ತು. ಯಾವ ಹೊದಿಕೆ ಹಾಕಿದರೂ ಹೊರಾಂಗಣಕ್ಕೆ ಸಲ್ಲದು. 6 ಆಂಪಿಯರ್ ಸಾಕೆಟ್ಟಿನಿಂದ 16 ಆಂಪಿಯರಿಗೆ ಬದಲಿಸುವ ಕನ್ವರ್ಟರುಗಳೂ ಹಾಗೆಯೇ: 6 ಆಂಪಿಯರ್ ಎಂದರೆ ಸುಮಾರು 1,400 ವಾಟ್, ಒಂದು ಎಲೆಕ್ಟ್ರಿಕ್ ಕೆಟಲ್ಲೇ ಅದನ್ನು ಮೀರಬಹುದು.

ಹೊರಡುವ ಮೊದಲು ಮನೆಯಲ್ಲೇ ಪರೀಕ್ಷೆ

ನಮ್ಮ ಹೊದಿಕೆ ಕೆಲಸ ಮಾಡುತ್ತದೆಯೇ ಎಂಬುದನ್ನು ಸಕಲೇಶಪುರದಲ್ಲಿ ಕಂಡುಕೊಳ್ಳಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಕೆಳಗೋ ಮನೆಯ ಮುಂದೋ ಗಾಡಿ ನಿಂತಿರುವಾಗ, ಕೇಬಲ್ಲಿನ ಇನ್ನೊಂದು ತುದಿ ಯಾವ ಸಾಕೆಟ್ಟಿನಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡು, ಜೋಡಣೆಯನ್ನು ಮೇಲೆ ಹೇಳಿದಂತೆ ತೂಗುಹಾಕಿ, ಅದರ ಸುತ್ತ ಒಂದು ಪದರ ಟಿಶ್ಯೂ ಕಾಗದ ಸುತ್ತಿ ಬಕೆಟ್ಟನ್ನು ಬೋರಲು ಹಾಕಬೇಕು. ಆಮೇಲೆ ತೋಟದ ಪೈಪಿನಿಂದ ಹತ್ತು ನಿಮಿಷ ಮೇಲಿನಿಂದಲೂ, ನಾಲ್ಕೂ ಬದಿಯಿಂದ ಓರೆಯಾಗಿಯೂ ನೀರು ಬಿಡಬೇಕು. ಬಕೆಟ್ಟು ತೆಗೆದು ನೋಡಿದಾಗ ಕಾಗದ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಗೆ ನೀರು ಬರುವ ದಾರಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಹುತೇಕ ಅದು ಕಾಗದದ ಒಂದು ತುದಿಯಲ್ಲಿ, ಕೇಬಲ್ಲು ಪ್ಲಗ್ಗಿಗೆ ಸೇರುವ ಕಡೆ ಇರುತ್ತದೆ. ಬಳುಕು ಸಾಲದು ಎಂದು ಅದರ ಅರ್ಥ. ನಡುವೆ ಒದ್ದೆಯಾಗಿದ್ದರೆ ಬಕೆಟ್ಟು ಚಿಕ್ಕದಾಯಿತು. ಬೇಸಿಗೆಯಲ್ಲಿ ಈ ಕೆಲಸಕ್ಕೆ ಕಾವೇರಿ ನೀರು ಸುರಿಯುವ ಬದಲು ಬಟ್ಟೆ ಒಗೆದ ನೀರನ್ನು ಗಿಡಕ್ಕೆ ಹಾಕುವ ಕ್ಯಾನಿನಲ್ಲಿ ತುಂಬಿ ಸುರಿದರೂ ಸಾಕು.

ತಂಗುದಾಣ ತಲುಪಿದ ಮೇಲೆ

ಮೊದಲು ನೋಡಬೇಕಾದದ್ದು ಅವರ ಸಾಕೆಟ್ಟು ಪೆಟ್ಟಿಗೆ. ಬಾಗಿಲು ತೆರೆದಾಗ ಒಳಗೆ ಇರುವೆ ಗೂಡು, ಸತ್ತ ಹಲ್ಲಿ, ಸುಟ್ಟ ಕಂದು ಕಲೆ, ಹಿತ್ತಾಳೆ ಪಿನ್ನುಗಳ ಮೇಲೆ ಹಸಿರು ಕಿಲುಬು ಇವುಗಳಲ್ಲಿ ಏನಿದ್ದರೂ ಅಲ್ಲಿಂದ ಕರೆಂಟ್ ತೆಗೆದುಕೊಳ್ಳಬಾರದು. ಬೆಚ್ಚಗಿನ ಒಣ ಜಾಗವೆಂದು ಮಳೆಗಾಲದಲ್ಲಿ ಇರುವೆಗಳು ಇಂಥ ಪೆಟ್ಟಿಗೆಗಳಿಗೆ ಗುಳೆ ಬರುತ್ತವೆ, ಅವು ತಂದ ಮಣ್ಣು ತೇವ ಹಿಡಿದು ಫೇಸಿನಿಂದ ಅರ್ತಿಗೆ ಸೋರಿಕೆಯ ದಾರಿಯಾಗುತ್ತದೆ. ಶುದ್ಧ ಮಳೆನೀರು ಕರೆಂಟನ್ನು ಅಷ್ಟಾಗಿ ಹರಿಸುವುದಿಲ್ಲ. ಅದರಲ್ಲಿ ಸೇರುವ ಮಣ್ಣು, ಗೊಬ್ಬರ, ಧೂಳು ಹರಿಸುತ್ತವೆ. ಪ್ಲಗ್ಗಿನ ಮುಖವನ್ನು ಒಣಬಟ್ಟೆಯಿಂದ ಒರೆಸುವುದು ಬರೀ ಶುಚಿತ್ವದ ಮಾತಲ್ಲ ಎನ್ನುವುದು ಇದಕ್ಕೇ.

ಆಮೇಲೆ ಮಲ್ಟಿಮೀಟರ್. ನಮ್ಮ ಮೂರು ಪಿನ್ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಬಹುಮಟ್ಟಿಗೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ಎಡಬಲ ಅದಲುಬದಲಾಗಿದ್ದರೆ ಒಂದೇ ವೈರನ್ನು ಕಡಿಯುವ ಒಂಟಿ ಪೋಲಿನ ಸ್ವಿಚ್ ಆರಿಸಿದರೂ ಗಾಡಿಯೊಳಗೆ ಫೇಸ್ ಉಳಿದೇ ಇರುತ್ತದೆ, ಆದ್ದರಿಂದ ಸರಿಪಡಿಸುವವರೆಗೆ ಅದನ್ನು ಬಳಸದಿರುವುದು ಲೇಸು. ಒಂದು ಮಾತು ನೆನಪಿರಲಿ: ಮಲ್ಟಿಮೀಟರ್ ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ತುಕ್ಕು ಹಿಡಿದು ಎಳೆಯಷ್ಟೇ ಉಳಿದ ಅರ್ತ್ ವೈರೂ ಅದರಲ್ಲಿ ಸರಿಯಾಗಿಯೇ ಕಾಣುತ್ತದೆ. ಅರ್ತ್ ನಿಜವಾಗಿ ಗಟ್ಟಿಯಾಗಿದೆಯೇ ಎಂಬುದನ್ನು ಅದಕ್ಕೆಂದೇ ಇರುವ ಉಪಕರಣದಿಂದ ಎಲೆಕ್ಟ್ರಿಷಿಯನ್ ಅಳೆಯಬೇಕು. ಪದೇ ಪದೇ ಒಂದೇ ಜಾಗಕ್ಕೆ ಹೋಗುವವರು ಕೊನೆಯ ಸಲ ಯಾವಾಗ ಅಳೆಸಿದಿರಿ ಎಂದು ಮಾಲೀಕರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಜೋಡಿಸುವಾಗ ಅವರ ಸ್ವಿಚ್ ಆರಿಸಿ, ಮೊದಲು ಗಾಡಿಯ ತುದಿಯನ್ನು ಸಿಕ್ಕಿಸಿ ಉಂಗುರ ಬಿಗಿದು, ಆಮೇಲೆ ಸಾಕೆಟ್ಟಿನ ತುದಿಯನ್ನು ಸಿಕ್ಕಿಸಿ, ಎಲ್ಲ ಮುಗಿದ ಮೇಲೆ ಸ್ವಿಚ್ ಹಾಕಬೇಕು. ಕೈ ಒಣಗಿರಬೇಕು, ಕಾಲಲ್ಲಿ ರಬ್ಬರ್ ಚಪ್ಪಲಿಯಾದರೂ ಇರಬೇಕು. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಬಿಒ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದು ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ಮತ್ತೆ ಏರಿಸಿ, ಯಾರೂ ಮುಟ್ಟುವ ಮೊದಲು ಗಾಡಿಯ ಲೋಹದ ಮೈಗೆ ತಗುಲಿಸದೆಯೇ ಬೀಪ್ ಎನ್ನುವ ಟೆಸ್ಟರನ್ನು ಹತ್ತಿರ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ.

ಕ್ಯಾಂಪ್‌ಸೈಟ್ ನಡೆಸುವವರು ಇದನ್ನು ಓದುತ್ತಿದ್ದರೆ: ಯುರೋಪಿನಲ್ಲಿ ಪಾಲಿಸುವ ನಿಯಮದಂತೆ ಪ್ರತಿ ಸಾಕೆಟ್ಟೂ ನೆಲದಿಂದ ಅರ್ಧ ಮೀಟರಿಗಿಂತ ಮೇಲೆ, ಒಂದೂವರೆ ಮೀಟರಿಗಿಂತ ಕೆಳಗೆ ಇರಬೇಕು ಮತ್ತು ಪ್ರತಿಯೊಂದಕ್ಕೂ ತನ್ನದೇ ಆದ 30 ಮಿಲಿಆಂಪಿಯರ್ ರಕ್ಷಣೆ ಇರಬೇಕು. ನಾಲ್ಕು ಗಾಡಿಗಳಿಗೆ ಒಂದೇ ಆರ್‌ಸಿಸಿಬಿ ಇಟ್ಟರೆ ಒಬ್ಬರ ಒದ್ದೆ ಪ್ಲಗ್ಗಿಗೆ ನಾಲ್ವರೂ ಕತ್ತಲಲ್ಲಿ ಕೂರುತ್ತಾರೆ, ನಡುರಾತ್ರಿ ಯಾರೋ ಒಬ್ಬರು ಬೇಸತ್ತು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಪೆಟ್ಟಿಗೆಗೆ ಕೇಬಲ್ಲು ತಳದಿಂದ ಬರಲಿ, ಮೇಲಿನಿಂದಲ್ಲ.

ಮಳೆಯ ನಡುವೆ ಟ್ರಿಪ್ ಆದರೆ

ಆರ್‌ಸಿಸಿಬಿ ಬಿದ್ದರೆ ಒಂದು ಸಲ ಏರಿಸಿ ನೋಡಬಹುದು. ಮತ್ತೆ ಬಿದ್ದರೆ ಅದು ಏನನ್ನೋ ಹೇಳುತ್ತಿದೆ. ಬೆರಳಿನಿಂದ ಒತ್ತಿ ಹಿಡಿಯುವುದು, ತಪ್ಪಿಸಿ ನೇರ ಜೋಡಿಸುವುದು ಎರಡೂ ಜೀವಕ್ಕೆ ಎರವು. ಹುಡುಕುವ ಕ್ರಮ ಸರಳ. ಸಾಕೆಟ್ಟಿನ ಬಳಿಯ ಸ್ವಿಚ್ ಆರಿಸಿ, ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಿ. ನಮ್ಮ ಪೆಟ್ಟಿಗೆಯನ್ನು ಮಾತ್ರ ಸಿಕ್ಕಿಸಿ ಏರಿಸಿ. ನಿಂತರೆ ಅದು ಸರಿಯಿದೆ. ಸ್ವಿಚ್ ಆರಿಸಿ, ಗಾಡಿಯಿಲ್ಲದೆ ಕೇಬಲ್ಲನ್ನು ಮಾತ್ರ ಜೋಡಿಸಿ, ಅದರ ತೆರೆದ ತುದಿಯನ್ನು ಮಕ್ಕಳ ಕೈಗೆ ಸಿಗದಂತೆ ಬಕೆಟ್ಟಿನಡಿ ತೂಗುಹಾಕಿ ಏರಿಸಿ. ಈಗ ಬಿದ್ದರೆ ನೀರು ಕೇಬಲ್ಲಿನಲ್ಲೋ ಅದರ ಪ್ಲಗ್ಗಿನಲ್ಲೋ ಇದೆ. ಬೀಳದಿದ್ದರೆ ತಪ್ಪು ಗಾಡಿಯ ಕಡೆಯದು: ಒಳಗಿನ ಎಲ್ಲ ಎಂಸಿಬಿ ಇಳಿಸಿ ಜೋಡಿಸಿದಾಗಲೂ ಬಿದ್ದರೆ ಬಹುಮಟ್ಟಿಗೆ ಇನ್‌ಲೆಟ್ಟಿನಲ್ಲಿ, ಯಾವುದೋ ಒಂದನ್ನು ಏರಿಸಿದಾಗ ಮಾತ್ರ ಬಿದ್ದರೆ ಆ ಸಾಲಿನ ಉಪಕರಣದಲ್ಲಿ. ಗೀಸರಿನ ಎಲಿಮೆಂಟ್ ತೇವ ಹೀರಿ ಹೀಗಾಗುವುದು ಸಾಮಾನ್ಯ, ಮಳೆಯ ತಪ್ಪೇ ಅಲ್ಲದೆಯೂ ಇರಬಹುದು.

ನೆನೆದ ಪ್ಲಗ್ಗನ್ನು ಒದರಿ, ಒಣಬಟ್ಟೆಯಿಂದ ಒರೆಸಿ, ಮನೆಯೊಳಗಿನ ಒಣ ಸಾಕೆಟ್ಟಿನಿಂದ ಹೇರ್ ಡ್ರೈಯರ್ ಹಾಕಿ ಹದವಾದ ಬಿಸಿಯಲ್ಲಿ ಒಣಗಿಸಬಹುದು. ಸ್ಟವ್ ಮೇಲೆ ಹಿಡಿಯಬೇಡಿ, ವಾಷರ್ ಸುಕ್ಕುಗಟ್ಟುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು ಇದನ್ನೆಲ್ಲ ಮಾಡಲೇಬೇಕೆ? 12 ವೋಲ್ಟಿನ, ನೂರು ಆಂಪಿಯರ್ ಅವರಿನ ಲೆಡ್ ಆ್ಯಸಿಡ್ ಬ್ಯಾಟರಿಯ ಅರ್ಧದಷ್ಟನ್ನೇ ಬಳಸಿದರೂ ಆರುನೂರು ವಾಟ್ ಅವರ್ ಸಿಗುತ್ತದೆ. ಎಲ್‌ಇಡಿ ದೀಪ, ಚಿಕ್ಕ ಫ್ಯಾನು, ಫೋನುಗಳಿಗೆ ಒಂದು ರಾತ್ರಿಗೆ ಅದು ಧಾರಾಳ. ಮಲೆನಾಡಿನ ಮಳೆಯ ರಾತ್ರಿಗೆ ಎ.ಸಿ. ಬೇಕಾಗುವುದೂ ಇಲ್ಲ. ಪ್ಲಗ್ಗು ಕಿತ್ತಿಟ್ಟು ಮಲಗಿ, ಬೆಳಕು ಹರಿದ ಮೇಲೆ ನೋಡಿದರಾಯಿತು.

ಯಾರಿಗಾದರೂ ಶಾಕ್ ಹೊಡೆದು ಗಾಡಿಗೆ ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬಾರದು. ಓಡಿಹೋಗಿ ಸಾಕೆಟ್ಟಿನ ಬಳಿ ಕರೆಂಟ್ ಕಡಿಯುವುದೇ ಮೊದಲ ಕೆಲಸ. ಅದಕ್ಕಾಗಿಯೇ ಆ ಸ್ವಿಚ್ ಎಲ್ಲಿದೆ ಎಂಬುದು ಗಾಡಿಯಲ್ಲಿರುವ ಎಲ್ಲರಿಗೂ ತಿಳಿದಿರಬೇಕು. ನಂತರ 108ಕ್ಕೆ ಕರೆ. ಗಾಳಿಗೆ ಮರ ಬಿದ್ದು ತೋಟದಲ್ಲಿ ಲೈನ್ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಬೇಕು. ಚಿಕ್ಕಮಗಳೂರಿನ ಮೆಸ್ಕಾಂ, ಹಾಸನ ಮತ್ತು ಕೊಡಗಿನ ಚೆಸ್ಕಾಂ, ನಮ್ಮ ಬೆಸ್ಕಾಂ ಎಲ್ಲಕ್ಕೂ ಅದೇ ಸಂಖ್ಯೆ.

ಗುಡುಗು ಸಿಡಿಲಿನ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳಿನ ಮುಂಗಾರುಪೂರ್ವ ಮಳೆ ಮತ್ತು ಅಕ್ಟೋಬರಿನ ಮಳೆ ಗುಡುಗಿನೊಂದಿಗೇ ಬರುತ್ತವೆ, ರಾಮನಗರ, ನಂದಿಬೆಟ್ಟದ ಕಡೆ ತಂಗುವವರಿಗೂ ಇದು ಅನ್ವಯಿಸುತ್ತದೆ. ಹತ್ತಿರದ ಲೈನಿಗೆ ಸಿಡಿಲು ಬಡಿದರೆ ಬರುವ ಹೊಡೆತವನ್ನು ಆರ್‌ಸಿಸಿಬಿ ತಡೆಯುವುದಿಲ್ಲ, ಸರ್ಜ್ ರಕ್ಷಣೆ ಇದ್ದರೂ ಪೂರ್ತಿ ನಂಬುವಂತಿಲ್ಲ. ದೂರದಲ್ಲಿ ಗುಡುಗು ಕೇಳಿದಾಗಲೇ ಪ್ಲಗ್ಗು ಕಿತ್ತು ಗಾಡಿಯೊಳಗೆ ಸೇರಿಕೊಳ್ಳಬೇಕು. ತಲೆಯ ಮೇಲೆ ಗುಡುಗುತ್ತಿರುವಾಗ ಹೊರಗೆ ಹೋಗಿ ಕೀಳುವ ಸಾಹಸ ಬೇಡ.

ಬಿಚ್ಚುವುದು, ಒಣಗಿಸುವುದು

ಹೊರಡುವಾಗ ಕ್ರಮ ತಿರುಗುಮುರುಗು: ಸ್ವಿಚ್ ಆರಿಸಿ, ಸಾಕೆಟ್ಟಿನ ತುದಿ ಮೊದಲು, ಗಾಡಿಯ ತುದಿ ಆಮೇಲೆ. ಒದ್ದೆ ಕೇಬಲ್ಲನ್ನು ಸುತ್ತುವಾಗ ಬಟ್ಟೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ಅದರ ನಡುವೆ ಎಳೆದುಕೊಂಡರೆ ಕೆಸರಿನ ಜೊತೆಗೆ ಅಂಟಿಕೊಂಡ ಇಂಬಳಗಳೂ ಹೊರಗೇ ಉಳಿಯುತ್ತವೆ, ಪೊರೆಯ ಸೀಳುಗಳು ಕೈಗೆ ತಾಗುತ್ತವೆ. ಬೆಂಗಳೂರಿಗೆ ಮರಳಿದ ಮೇಲೆ ಡಿಕ್ಕಿಯಲ್ಲೇ ಬಿಡದೆ ಕೇಬಲ್ಲನ್ನು ನೆರಳಿನಲ್ಲಿ ಹರಡಿ, ಪ್ಲಗ್ಗುಗಳ ಮುಖ ಕೆಳಗಾಗಿರುವಂತೆ ಒಂದೆರಡು ದಿನ ತೂಗುಬಿಡಬೇಕು. ಒಣಗಿದ ಮೇಲೆ ವಾಷರಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬಹುದು, ಪಿನ್ನುಗಳಿಗೆ ಹಚ್ಚಬಾರದು. ಪಿನ್ನಿನ ಮೇಲೆ ತೆಳುವಾದ ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಪಿನ್ನಿನ ಬುಡದ ಪ್ಲಾಸ್ಟಿಕ್ ಕಂದಾಗಿದ್ದರೆ, ಅಥವಾ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡರೆ, ಅಲ್ಲಿ ಕರೆಂಟ್ ಈಗಾಗಲೇ ಸುಟ್ಟು ದಾರಿ ಮಾಡಿಕೊಂಡಿದೆ. ಉಜ್ಜಿದರೂ ಆ ಗೆರೆ ಹೋಗುವುದಿಲ್ಲ. ಆ ಪ್ಲಗ್ಗನ್ನೂ, ಅದು ಸೇರುತ್ತಿದ್ದ ಎದುರು ಭಾಗವನ್ನೂ ಒಟ್ಟಿಗೇ ಬದಲಿಸಬೇಕು.